ಪ್ರತಿ ಹನಿಯೂ ಬೇರೆ

ಮೇಲ್ಮನವಿಯಲ್ಲಿ ಸಾಕ್ಷಿಗಳಿಲ್ಲ.
ಅಳುವವರು ಕೆಳಗಿನ ಕೋರ್ಟಿನಲ್ಲೇ ಅತ್ತು ಮುಗಿಸಿರುತ್ತಾರೆ.
ಅವರ ಅಳು ಈಗ ಪುಟ ನಾನೂರ ಹನ್ನೆರಡು, ಸಾಲು ಒಂಬತ್ತು,
ಆವರಣದೊಳಗೆ: ಸಾಕ್ಷಿ ಸ್ವಲ್ಪ ಹೊತ್ತು ಸುಮ್ಮನಿದ್ದರು.
ನನ್ನ ಕೆಲಸ ಶುರುವಾಗುವುದು ಅಲ್ಲಿಂದ.
ಹೊಸದೇನನ್ನೂ ಹೇಳುವಂತಿಲ್ಲ.
ಇದ್ದ ಬಟ್ಟೆಯನ್ನೇ ಮಗುಚಿ ಹೊಲಿಯಬೇಕು.

ಇಪ್ಪತ್ತಾರು ವರ್ಷ, ಸಿನ್ಸಿನಾಟಿಯ ಹದಿನೇಳನೇ ಮಹಡಿ.
ಕಿಟಕಿಯ ಕೆಳಗೆ ಒಹಾಯೊ ನದಿ, ಕಲ್ಲಿದ್ದಲು ಹೊತ್ತ ದೋಣಿಗಳು.
ಕಂಪನಿಗಳು ನನ್ನಲ್ಲಿಗೆ ಬರುವುದು ಸೋತ ಮೇಲೆ,
ಇಲ್ಲವೇ ಸೋಲಿನ ವಾಸನೆ ಮೂಗಿಗೆ ಬಡಿದ ಮೇಲೆ.
ಕೂದಲಿನ ಬಣ್ಣ, ನಾಯಿಯ ಆಹಾರ, ಬ್ಯಾಂಕಿನ ತಡ ಶುಲ್ಕ.
ಒಬ್ಬೊಬ್ಬರ ನಷ್ಟ ನಾಲ್ಕು ಡಾಲರು,
ಎಲ್ಲ ಕೂಡಿದರೆ ಒಂದು ಕಾರ್ಖಾನೆ.
ಕೂಡಲು ಬಿಡದಿರುವುದು ನನ್ನ ವೃತ್ತಿ.

ಈ ವರ್ಷದ್ದು ತೇವ ಹೀರುವ ಯಂತ್ರ.
ನೆಲಮಾಳಿಗೆಯ ಮೂಲೆಯಲ್ಲಿ ಗುಂಯ್‌ಗುಡುತ್ತ
ಗಾಳಿಯನ್ನು ಹಿಂಡಿ ಬಕೆಟ್ಟು ತುಂಬುವ ಪೆಟ್ಟಿಗೆ.
ಡಬ್ಬದ ಮೇಲೆ ಅಚ್ಚಾಗಿತ್ತು: ದಿನಕ್ಕೆ ಐವತ್ತು ಪಿಂಟು.
ಬಕೆಟ್ಟಿಗೆ ಬಿದ್ದದ್ದು ಮೂವತ್ತೊಂದು, ಕೆಲವು ದಿನ ಇಪ್ಪತ್ತೆಂಟು.
ಸುಳ್ಳಲ್ಲ. ಇಲಾಖೆಯ ನಿಯಮ ಅಳೆಯಿರಿ ಎಂದದ್ದು
ಎಂಬತ್ತು ಡಿಗ್ರಿಯ ಕೋಣೆಯಲ್ಲಿ.
ಯಾರ ನೆಲಮಾಳಿಗೆ ಅಷ್ಟು ಬಿಸಿ ಇರುತ್ತದೆ ಎಂದು
ನಿಯಮ ಕೇಳಲಿಲ್ಲ. ನಾನೂ ಕೇಳಲಿಲ್ಲ.
ಅಡಿಟಿಪ್ಪಣಿ ಆರರಲ್ಲಿ ನಿಯಮ ಪೂರ್ತಿ ಇದೆ, ಒಂದು ಅಲ್ಪವಿರಾಮವೂ ಬಿಡದೆ.

ಹನಿ ಹನಿ ಕೂಡಿದರೆ ಹಳ್ಳ, ಅನ್ನುತ್ತಾರೆ ವಾದಿಗಳು.
ಅಲ್ಲ ಮಹನೀಯರೇ, ಅನ್ನುತ್ತೇನೆ ನಾನು, ಪ್ರತಿ ಹನಿಯೂ ಬೇರೆ.
ವಿಲ್ಮಾ ಕ್ರಟ್ಸಿಂಗರ್ ಅವರ ಗೋಡೆ ಕಲ್ಲಿನದು,
ಟೊಲೆಡೊದವರದು ಇಟ್ಟಿಗೆಯದು.
ಒಬ್ಬರು ಕಿಟಕಿ ತೆರೆದಿಡುತ್ತಾರೆ,
ಒಬ್ಬರು ಒದ್ದೆ ಬಟ್ಟೆ ಅಲ್ಲೇ ಹರವುತ್ತಾರೆ,
ಡಬ್ಬದ ಮೇಲಿನದನ್ನು ಓದದೆಯೇ ಕೊಂಡವರು ಎಷ್ಟೋ.
ಅರವತ್ತೆರಡು ಸಾವಿರ ನೆಲಮಾಳಿಗೆ, ಅರವತ್ತೆರಡು ಸಾವಿರ ತೇವ.
ಇದರಲ್ಲಿ ಹಳ್ಳ ಎಲ್ಲಿ?

ಸಾಲು ಚೆನ್ನಾಗಿತ್ತು. ಕನ್ನಡಿಯ ಮುಂದೆ ನಾಲ್ಕು ಸಲ ಹೇಳಿಕೊಂಡೆ.

ಶನಿವಾರ ಪೋರ್ಟ್ಸ್‌ಮತ್‌ನಿಂದ ಅಮ್ಮನ ಫೋನು.
"ರೊವೀನಾ, ಹಸಿರು ಕಾರ್ಡೊಂದು ಬಂದಿದೆ.
ನೀವು ಈ ವರ್ಗಕ್ಕೆ ಸೇರಿದವರಿರಬಹುದು ಅಂತ.
ಯಾವ ವರ್ಗ? ನಾನು ಶಾಲೆ ಬಿಟ್ಟು ಅರವತ್ತು ವರ್ಷವಾಯ್ತು."
ಯಂತ್ರದ ಹೆಸರು ಓದಿದಳು, ಅಕ್ಷರ ಅಕ್ಷರ ಬಿಡಿಸಿ.
ಅಪ್ಪ ತೀರಿಕೊಂಡ ವರ್ಷ ಕೊಂಡದ್ದು,
ಅವನ ಗಾಳದ ಪೆಟ್ಟಿಗೆ, ಕ್ಯಾನ್ವಾಸ್ ಕೋಟು ಬೂಷ್ಟು ಹಿಡಿಯದಿರಲೆಂದು.
"ಹಿಡಿದೇ ಹಿಡೀತು. ನಾನೇ ಬಕೆಟ್ಟು ಸರಿಯಾಗಿ ಕೂರಿಸ್ತಿಲ್ಲ ಅಂದುಕೊಂಡಿದ್ದೆ.
ಈಗ ಹೇಳು, ಇರಲೋ, ಹೊರಗೆ ಬರಲೋ?"

ನಿಯಮವೊಂದಿದೆ, ಒಳ್ಳೆಯ ನಿಯಮ:
ಎದುರು ಪಕ್ಷದವರಿಗೆ ವಕೀಲರಿದ್ದಾಗ
ನಾನು ಅವರೊಡನೆ ಮೊಕದ್ದಮೆಯ ಮಾತೆತ್ತಕೂಡದು.
ಅಮ್ಮ ಈಗ ಎದುರು ಪಕ್ಷ.

"ಇದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ. ಯಾರಾದರೂ ವಕೀಲರನ್ನ ಕೇಳು."
"ಅದಕ್ಕೇ ತಾನೇ ಫೋನ್ ಮಾಡಿದ್ದು."

ಆಮೇಲಿನದನ್ನು ಯಾರಾದರೂ ಬರೆದುಕೊಂಡಿದ್ದರೆ
ಆವರಣದೊಳಗೆ ಒಂದೇ ಸಾಲು.

ಸೋಮವಾರ ಕಚೇರಿಯ ನೀತಿ ಸಮಿತಿಗೆ ತಿಳಿಸಿದೆ: ತಾಯಿ, ಯಂತ್ರ, ಕಾರ್ಡು.
ಥರ್ಲೋ ಬಾಗಿಲಿಗೆ ಒರಗಿ ಕೇಳಿದ, ಆಕೆಯ ಪಾಲು ಎಷ್ಟಾದೀತು?
ಹನ್ನೊಂದು ಡಾಲರು, ಅಂದೆ. ನಕ್ಕ. ನಾನೂ ನಕ್ಕೆ.
ಕಂಪನಿ ಅಭ್ಯಂತರವಿಲ್ಲವೆಂದು ಬರೆದುಕೊಟ್ಟಿತು.

ಹದಿನೈದು ನಿಮಿಷ. ಹಸಿರು ದೀಪ. ಮೂವರು ನ್ಯಾಯಾಧೀಶರು.
ನಡುವಿನವರು ಕನ್ನಡಕ ತೆಗೆದು ಕೇಳಿದರು,
"ಹನ್ನೊಂದು ಡಾಲರಿಗೆ ಒಂಟಿಯಾಗಿ ಈ ಮೆಟ್ಟಿಲು ಹತ್ತುವವರು ಯಾರು?"
ಉತ್ತರ ಸಿದ್ಧವಿತ್ತು, ಪುಟ ಇಪ್ಪತ್ತಮೂರು:
ಇಲಾಖೆಗೆ ದೂರು ಕೊಡಬಹುದು.
ಕೊಟ್ಟೆ. ಹಳದಿ ಹತ್ತಿತು.

ತೀರ್ಪು ಇನ್ನೂ ಬಂದಿಲ್ಲ.
ಭಾನುವಾರ ಅಮ್ಮನ ಮನೆ. ಹಸಿರು ಕಾರ್ಡು ಫ್ರಿಜ್ಜಿನ ಮೇಲೆ,
ಮೀನಿನ ಆಕಾರದ ಅಯಸ್ಕಾಂತದ ಕೆಳಗೆ.
ಅದರ ಸುದ್ದಿ ಅವಳೂ ಎತ್ತಲಿಲ್ಲ.
ಕೆಳಗಿಳಿದು ಬಕೆಟ್ಟು ಎಳೆದೆ. ಅಳೆಯಲಿಲ್ಲ.
ಎರಡು ಕೈಗೂ ಭಾರ, ಮೆಟ್ಟಿಲ ಮೇಲೆ ತುಳುಕಿ ಷೂ ಒದ್ದೆ.

ಮೇಲಿನಿಂದ ದನಿ:
"ಚೆಲ್ಲಬೇಡ ಅದನ್ನ. ಜೆರೇನಿಯಂಗೆ ಬೇಕು."