ಅವಗ್ರಹ

ರಾತ್ರಿ ಎರಡೂ ಮುಕ್ಕಾಲು, ರಾಸ್ ಅಲ್ ಖೈಮಾ.
ಎಕ್ಸ್‌ರೇ ಕೋಣೆಯಲ್ಲಿ ಏಸಿಗೂ ನನಗೂ ನಿದ್ದೆಯಿಲ್ಲ.
ಸ್ಟ್ರೆಚರ್ ಮೇಲೆ ಮೌಲಾಸಾಬ ನದಾಫ, ನಲವತ್ತಾರು,
ಸಕರ್ ಬಂದರಿನಲ್ಲಿ ಕ್ರೇನು ನಡೆಸುವವ;
ಹೊಟ್ಟೆ ನಗಾರಿಯಂತೆ ಬಿಗಿದು
ಬೆರಳು ತಾಗಿದರೆ ಢಣ್ ಎನ್ನುತ್ತದೆ.
‘ಮೂರು ದಿನಾತ್ರಿ ಸಿಸ್ಟರ್, ಗಾಳಿನೂ ಹೊಂಟಿಲ್ಲ’
ಎಂದ, ಈ ಊರಲ್ಲಿ ಕನ್ನಡ ಸಿಕ್ಕ ಖುಷಿಗೆ
ನೋವಿನ ನಡುವೆ ಅರ್ಧ ನಕ್ಕು.

‘ಉಸಿರು ಹಿಡೀರಿ.’
ಹಿಡಿದ. ಹಿಡಿಯುವುದು ಅವನಿಗೆ ರೂಢಿ.

ಪರದೆಯ ಮೇಲೆ ಕಾಫಿ ಬೀಜ,
ಕಪ್ಪಗೆ, ಮೊಳದುದ್ದ,
ನಡುವೆ ಒಂದು ಬಿಳಿ ಸೀಳು.
ಪುಸ್ತಕವೂ ಇದನ್ನು ಕಾಫಿ ಬೀಜ ಎಂದೇ ಕರೆಯುತ್ತದೆ.

ದೊಡ್ಡಕರುಳಿನ ಈ ತಿರುವಿಗೆ ಸಿಗ್ಮಾಯ್ಡ್ ಎಂದು ಹೆಸರು,
ಗ್ರೀಕರ ಯಾವುದೋ ಅಕ್ಷರದ ಸೊಟ್ಟ ನೋಡಿ ಇಟ್ಟದ್ದು.
ನನಗದು ಹಾಗೆ ಕಂಡದ್ದೇ ಇಲ್ಲ.
ಐದನೇ ಕ್ಲಾಸಿನ ಫ್ಲೋರಿನ್ ಟೀಚರು ಬೋರ್ಡಿನಲ್ಲಿ
ಸೀಮೆಸುಣ್ಣ ಕಿರುಗುಟ್ಟಿಸಿ ಬರೆದ ಅವಗ್ರಹ ಅದು:
ಽ
ಸ್ವಂತ ದನಿಯಿಲ್ಲ,
ಹಿಂದಿನ ಸ್ವರ ಹಿಡಿದು ಎಳೆಯುವುದಷ್ಟೇ ಕೆಲಸ.

ಎಡಸೊಂಟದ ಮೂಳೆಯ ಬಟ್ಟಲಲ್ಲಿ ಶುರು,
ಗುದನಾಳದ ಬಾಗಿಲಲ್ಲಿ ಕೊನೆ.
ಮೇಲಿಂದಿಳಿದ ಕರುಳು ಬೆನ್ನಗೋಡೆಗೆ ಅಂಟಿದೆ,
ಕೆಳಗಿನದೂ ಕದಲುವುದಿಲ್ಲ.
ನಡುವಿನ ಇದೊಂದೇ ತೂಗುತ್ತದೆ
ಪೊರೆಯ ಬೀಸಣಿಗೆಯೊಂದಕ್ಕೆ ಜೋತುಬಿದ್ದು;
ಬೀಸಣಿಗೆಯ ಅಂಚು ಅಗಲ, ಬುಡ ಕಿರಿದು,
ನೆತ್ತರೆಲ್ಲ ಆ ಕಿರಿದಾರಿಯಲ್ಲೇ ಬರಬೇಕು.
ಮೈಯುದ್ದಕ್ಕೂ ಮೂರು ಸ್ನಾಯುಪಟ್ಟಿ,
ಕರುಳಿಗಿಂತ ಗಿಡ್ಡ, ಹಾಗಾಗಿ
ಲಾಡಿ ಎಳೆದ ಲಂಗದಂತೆ ನೆರಿಗೆ ನೆರಿಗೆ.
ಅಲ್ಲಲ್ಲಿ ಹಳದಿ ಕೊಬ್ಬಿನ ಜುಮುಕಿ;
ಯಾಕೆ ಎಂದರೆ ಡಾಕ್ಟರರೂ ಭುಜ ಕುಣಿಸುತ್ತಾರೆ.

ಕರುಳು ಚುರ್ ಎಂದಿತು ಎನ್ನುತ್ತೇವೆ,
ಯಾವ ಕರುಳು ಎಂದು ಯಾರೂ ಹೇಳಿಲ್ಲ.
ಇದಂತೂ ಆಗಿರಲಾರದು.
ಇದರ ಕೆಲಸ ಕಾಯುವುದು:
ಬಂದದ್ದನ್ನು ಹೊತ್ತು, ಉಳಿದ ನೀರನ್ನೂ ಹೀರಿ,
ಸಮಯ ಬರುವತನಕ.
ಸಮಯ ಯಾರದು ಎಂಬುದು ಅಂಗರಚನೆಯ ಪುಸ್ತಕದಲ್ಲಿಲ್ಲ.

ಕ್ರೇನಿನ ಗೂಡಿಗೆ ನೂರಾ ಎಂಬತ್ತೆರಡು ಮೆಟ್ಟಿಲು.
ಇಳಿದು ಹತ್ತಿದರೆ ಅರ್ಧ ಗಂಟೆ;
ಕೆಳಗೆ ಸುಣ್ಣಕಲ್ಲಿಗೆ ಬಾಯ್ತೆರೆದ ಹಡಗು,
ಕಿವಿಯಲ್ಲಿ ಫೋರ್ಮನ್ನನ ವಾಕಿಟಾಕಿ.
ಹನ್ನೊಂದು ವರ್ಷದಲ್ಲಿ ಅವನು
ನೀರು ಕುಡಿಯದಿರುವುದನ್ನು ಕಲಿತ,
ಬೆಳಗಿನ ಕರೆಯನ್ನು ರಾತ್ರಿಗೆ ದೂಡುವುದನ್ನು ಕಲಿತ.
ರಾತ್ರಿ, ಹದಿನಾಲ್ಕು ಮಂದಿಗೆ ಒಂದು ಕಕ್ಕಸು.
ಹೊರಗೆ ಕೊಕ್ಕೆ ತೂಗುತ್ತಿತ್ತು. ಒಳಗೆ ಅವಗ್ರಹ
ಉದ್ದವಾಗುತ್ತ, ಇನ್ನೂ ಉದ್ದವಾಗುತ್ತ ಹೋಗಿ
ತನ್ನ ಬುಡದ ಸುತ್ತಲೇ ತಿರುಚಿಕೊಂಡಿತು.

ಸುಡಾನಿನ ಡಾಕ್ಟರ್ ಇಹ್ಸಾನ್ ಬಂದರು.
ಎಡಮಗ್ಗುಲಿಗೆ ಹೊರಳಿಸಿ, ದೀಪದ ನಳಿಗೆ ತೂರಿಸಿ
ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ಸೆಂಟಿಮೀಟರು:
ಅಲ್ಲಿ ಸುರುಳಿ ಸುತ್ತಿ ಮುಚ್ಚಿದ ಬಾಯಿ.
‘ಶ್ವಯ್ಯ, ಶ್ವಯ್ಯ’ ಎಂದರು, ಕರುಳಿಗೇ ಹೇಳುವಂತೆ.
ಆಮೇಲೆ
ಬಸ್ಸಿನ ಏರ್‌ಬ್ರೇಕು ಬಿಟ್ಟ ಹಾಗೆ.
ನಾತಕ್ಕೆ ನಾವೆಲ್ಲ ಮಾಸ್ಕಿನೊಳಗೇ ನಕ್ಕೆವು.
‘ಅಲ್‌ಹಮ್ದುಲಿಲ್ಲಾ’ ಎಂದ ಮೌಲಾಸಾಬ,
‘ಇಂಥಾದ್ದಕ್ಕೂ ಅನ್ನಬೋದಲ್ರಿ?’

ಬೆಳಿಗ್ಗೆ ವಾರ್ಡಿನಲ್ಲಿ ಕೇಳಿದ:
‘ನಮ್ಮಪ್ಪ ಹತ್ತಿ ಹಿಂಜತಿದ್ದ. ಬಿಲ್ಲಿಗೆ
ಕುರಿ ಕರುಳು ಹೊಸೆದು ಕಟ್ಟತಿದ್ದ, ಭಾಳ ಗಟ್ಟಿ,
ಓಣಿ ತುಂಬ ಡಂಯ್ ಡಂಯ್ ಅಂತಿತ್ತು.
ನಂದು ಎಷ್ಟುದ್ದ ಅದ?’
‘ಎಲ್ಲರದು ಒಂದೂವರೆ ಅಡಿ. ನಿಮ್ಮದು ಮೂರರ ಹತ್ತಿರ.
ಬಿಟ್ಟರೆ ಮತ್ತೆ ತಿರುಚುತ್ತದೆ, ಕತ್ತರಿಸಿ ಜೋಡಿಸಬೇಕಂತೆ.’
ಗಾಳಿಯಲ್ಲಿ ಎರಡು ಕೈ ಅಗಲಿಸಿ ಅಳೆದು ನೋಡಿದ.
‘ಕತ್ತರಿಸಿದ್ದನ್ನ ಏನ್ ಮಾಡ್ತೀರಿ?’

ಅಷ್ಟರಲ್ಲಿ ಫೋನು. ಫೋರ್ಮನ್ನು.
ಯಾವಾಗ ಹತ್ತುತ್ತೀ ಎಂದು ಕೇಳಿರಬೇಕು.
‘ಹಾಂಽಽ’ ಎಂದ ಮೌಲಾಸಾಬ.
ಆ ಸ್ವರ ಹಿಡಿದು ಎಷ್ಟು ಹೊತ್ತು ಎಳೆದನೆಂದರೆ
ಕಿಟಕಿಯಾಚೆ ನೀರಿನ ಲಾರಿಯೊಂದು
ಪೂರಾ ರಿವರ್ಸ್ ಬಂದು ನಿಂತಿತ್ತು.