ಮುಳ್ಳು ಇಳಿದ ಜಾಗ

ಕ್ಯಾಂಟೀನಿನ ಲೋಕಮ್ಮ ಬೇಯಿಸಿದ ಮೊಟ್ಟೆಯನ್ನು
ನೂಲಿನಲ್ಲಿ ಕೊಯ್ಯುತ್ತಾಳೆ, ಚಾಕು ಮುಟ್ಟುವುದಿಲ್ಲ.
ಒಂದು ತುದಿ ಹಲ್ಲಲ್ಲಿ, ಒಂದು ಬೆರಳಲ್ಲಿ.
ನನ್ನದೂ ಅಷ್ಟೇ ಕೆಲಸ.
ನೂಲು ಉಕ್ಕಿನದು, ಮೀಟರಿಗೆ ನಲವತ್ತು ಮಣಿ,
ಮಣಿಯ ಮೈತುಂಬ ವಜ್ರದ ಪುಡಿ,
ಹಲ್ಲಿನ ಬದಲು ಮೋಟಾರು.

ಹಳೇಬೀಡಿನ ಶಿಲ್ಪಿಗಳ ಅಂಗಳಕ್ಕೆ
ಬಳಪದ ಕಲ್ಲು ಕೊಯ್ದು ಕೊಟ್ಟಿದ್ದೇನೆ.
ನೆಲದಿಂದ ಎದ್ದ ಹೊಸದರಲ್ಲಿ ಸೋಪು,
ಗಾಳಿ ಕುಡಿದು ಕುಡಿದು ಬಿಗಿಯುತ್ತದೆ.
ಮದುವೆಯಾದ ಗಂಡಸರ ಹಾಗೆ, ಎಂದಳು ಲೋಕಮ್ಮ.

ಅರಸೀಕೆರೆ ಕಡೆಯ ಕಗ್ಗಲ್ಲಿನ ಜಾತಿಯೇ ಬೇರೆ.
ತಾಸಿಗೆ ಗೇಣು ಬಿಟ್ಟುಕೊಟ್ಟರೆ ಹೆಚ್ಚು.
ಕೊಯ್ದು ಕೊಯ್ದು ಮಣಿ ಮೊಂಡಾಗಿ
ನುಣ್ಣಗೆ ಹೊಳೆಯತೊಡಗಿದರೆ
ಒಂದು ಗುಡ್ಡೆ ಸುಟ್ಟ ಇಟ್ಟಿಗೆ ಕೊಯ್ಸಬೇಕು.
ಮೆದುವಿಗೆ ಉಜ್ಜಿಕೊಂಡೇ ವಜ್ರ ಹೊರಗೆ ಬರುವುದು.
ಇದನ್ನು ಯಾರೂ ಕಲಿಸಲಿಲ್ಲ,
ಎರಡು ಹಗ್ಗ ಕಡಿದುಹೋದ ಮೇಲೆ ತಿಳಿದದ್ದು.
ಒಂದರ ಮಣಿ ಶೆಡ್ಡಿನ ತಗಡನ್ನು ತೂರಿಹೋಯಿತು.
ಆ ತೂತಿನಿಂದ ದಿನಾ ಹನ್ನೆರಡಕ್ಕೆ ಬಿಸಿಲು ಇಳಿದು
ನಾನು ಅವತ್ತು ನಿಂತಿದ್ದ ಜಾಗವನ್ನು ತೋರಿಸುತ್ತದೆ.

ಈ ಮಾರ್ಚಿನಲ್ಲಿ ಸೇತುವೆ.
ಆಲೂರಿನ ಆಚೆ, ಹಳ್ಳದ ಮೇಲೆ, ಒಂದು ಬಸ್ಸಿನ ಅಗಲದ್ದು.
ಹೊಸದು ಪಕ್ಕದಲ್ಲೇ ಎದ್ದಿದೆ.
ಹಳೆಯದನ್ನು ಸಿಡಿಸುವಂತಿಲ್ಲ, ಕುಡಿವ ನೀರಿನ ಕೊಳವೆ
ಒತ್ತಿಕೊಂಡೇ ಹೋಗಿದೆ.
ಕೊಯ್ಯಬೇಕು, ಕ್ರೇನಿನಲ್ಲಿ ಎತ್ತಬೇಕು, ದಡದಲ್ಲಿ ಮಲಗಿಸಬೇಕು.

ಮೂರನೇ ಕಂಬದ ಸೊಂಟಕ್ಕೆ ಹಗ್ಗ ಸುತ್ತಿದೆವು.
ನೀರಿನ ಪೈಪು ಹಿಡಿದವನು ಗಿಡ್ಡಬೋವಿ, ಎಪ್ಪತ್ತರ ಹತ್ತಿರ,
ಕೈಗೆ ಸುತ್ತಿಗೆ ಕೊಡದ ಕೆಲಸವೂ ಒಂದು ಕೆಲಸವಾ
ಎಂದು ಬೆಳಗಿನಿಂದ ಗೊಣಗುತ್ತಿದ್ದ.

ಮೊದಲ ಅಡಿ ಕಾಂಕ್ರೀಟು: ಗೊರಗೊರ, ಬಿಳಿ ಕೆಸರು.
ಆಮೇಲೆ ಕಬ್ಬಿಣ: ಕಿವಿಯೊಳಗೆ ಸೂಜಿ,
ಕೆಸರು ಬೂದಿಯಿಂದ ಕಪ್ಪಿಗೆ,
ಆಂಪಿಯರಿನ ಮುಳ್ಳು ಐವತ್ತು ದಾಟಿ ನಡುಗುತ್ತದೆ.
ಮತ್ತೆ ಕಾಂಕ್ರೀಟು.
ಮತ್ತೆ
ಮುಳ್ಳು ಇಳಿಯಿತು.

ಮೂವತ್ತು. ಹದಿನೆಂಟು.
ಎದುರು ಯಾರೂ ಇಲ್ಲದ ಹಾಗೆ ಹಗ್ಗ ಓಡಿತು.
ಕೆಸರು ಕೆಂಪಗೆ ಬಂತು, ಅದರಲ್ಲಿ ನಾರು.
ಗೋಣಿಯ ನಾರು.

ಗಿಡ್ಡಬೋವಿಯ ಪೈಪು ಜಾರಿ
ನೀರು ಅವನ ಕಾಲ ಮೇಲೇ ಹರಿಯಿತು. ಮೋಟಾರು ನಿಲ್ಲಿಸಿದೆ.

“ಅವತ್ತು ಸಿಮೆಂಟ್ ಲಾರಿ ಬರ್ಲಿಲ್ಲ ಕಣಪ್ಪ.
ಬೆಳಗಾದ್ರೆ ಸಾಹೇಬ್ರು ಬರೋರು.
ಮೇಸ್ತ್ರಿ ಅಂದ, ತುಂಬ್ರಲಾ. ತುಂಬಿದ್ವಿ.
ಮಣ್ಣು, ಗೋಣಿಚೀಲ, ನನ್ನ ಹಳೇ ಎಕ್ಕಡ.
ನಂಗೆ ಆಗ ಹತ್ತೊಂಬತ್ತು.
ಆಮ್ಯಾಕೆ ಬಸ್ಸು ಇಲ್ಲಿಗ್ ಬಂದ್ರೆ ಸಾಕು,
ಆ ದಡದಾಗೆ ಇಳ್ದು ನಡ್ಕಂಡೇ ದಾಟ್ತಿದ್ದೆ.
ಮಗಳ ದಿಬ್ಬಣದ ಲಾರಿನೂ ನಿಲ್ಸಿ
ಎಲ್ರನ್ನೂ ಇಳಿಸಿ ನಡೆಸ್ದೆ.
ಬೋವಪ್ಪಂದು ಏನೋ ಹರಕೆ ಇರ್ಬೇಕು ಅಂದ್ರು ಜನ.”

ಇಂಜಿನಿಯರ್ ಸಹನಾ ಪುಸ್ತಕ ಬಿಡಿಸಿಕೊಂಡು ನಿಂತಿದ್ದಳು.
ಕೆಂಪು ಮಣ್ಣಿಗೆ ಉಗುರು ಒತ್ತಿದಳು; ಇಳಿಯಿತು.
ಇದರ ಮೇಲೆ ಎಷ್ಟು ವರ್ಷ ಓಡಾಟ? ಕೇಳಿದಳು.
ನಲವತ್ತೆಂಟು, ಎಂದೆ ನಾನು ಲೆಕ್ಕ ಹಾಕಿ.
ಆಲೂಗಡ್ಡೆ ಲಾರಿ, ಜಲ್ಲಿ ಲಾರಿ,
ಒಮ್ಮೆ ಟ್ರೇಲರಿನಲ್ಲಿ ಇದೇ ಮೆಶೀನು.
ಪೆನ್ನು ಕಾಗದಕ್ಕೆ ಮುಟ್ಟಿತು, ಎತ್ತಿತು, ಮುಟ್ಟಿತು.
ಕೊನೆಗೆ ಏನು ಬರೆದಳೋ ನಾನು ನೋಡಲಿಲ್ಲ,
ಹಗ್ಗ ಸವರುತ್ತಿದ್ದೆ.
ಕಬ್ಬಿಣದಲ್ಲಿ ಮೊಂಡಾದ ಮಣಿಗಳೆಲ್ಲ
ಕೈಗೆ ಚುಚ್ಚುವಷ್ಟು ಚೂಪಾಗಿದ್ದವು.

ಮಿಕ್ಕಿದ್ದು ಸಂಜೆಯೊಳಗೆ ಮುಗಿಯಿತು.
ಕ್ರೇನು ಎತ್ತಿದ ತುಂಡಿನ ಹೊಟ್ಟೆಯಲ್ಲಿ
ಗಿಡ್ಡಬೋವಿ ಟಾರ್ಚು ಬಿಟ್ಟು, ಬಗ್ಗಿ,
ಕಡ್ಡಿಯಲ್ಲಿ ಮಣ್ಣು ಕೆದಕಿ ಕೆದಕಿ ಹುಡುಕಿದ.
ಎಕ್ಕಡ ಸಿಗಲಿಲ್ಲ.

“ನಾಕನೇದ್ರಲ್ಲಿರ್ಬೇಕು,” ಅಂದ.