ಕಿಟಕಿ ಮುಚ್ಚಿದ ಮೇಲೆ

ಜೂನ್ ಬಂತೆಂದರೆ ಸೈಲೀಸಿಯಾದ ಬೀದಿಗಳಲ್ಲಿ
ಲಿಂಡನ್ ಮರಗಳು ಒಮ್ಮೆಲೇ ಹೂ ಬಿಡುತ್ತವೆ,
ಕಲ್ಲಿದ್ದಲ ಮಸಿಯ ಮೇಲೆ ಜೇನು ತೊಟ್ಟಿಕ್ಕಿದ ಹಾಗೆ.
ಸುಟ್ಟಗಾಯದ ವಾರ್ಡಿನ ಟ್ರೌಡಾಗೆ ಮಾತ್ರ
ಆ ಪರಿಮಳಕ್ಕೆ ಎದೆ ಧಸಕ್ಕೆನ್ನುತ್ತದೆ.
ಕೀವು ಹಸಿರಾಗುವ ಮೊದಲು
ಗಾಯವೂ ಹೀಗೇ ಘಮಘಮಿಸುತ್ತದಂತೆ,
ಥೇಟ್ ಹೀಗೇ.
ಮೂವತ್ತು ವರ್ಷದ ದಾದಿ; ಅವಳ ಮೂಗು ಸುಳ್ಳಾಡುವುದಿಲ್ಲ.
ಗಿಂಟರನ ಹಾಸಿಗೆಯ ಬಳಿ ನಿಂತು
ಕಿಟಕಿ ಮುಚ್ಚಿದಳು. ನೂರರ ತನಕ ಎಣಿಸಿದಳು.
ಪರಿಮಳ ಕೋಣೆಯೊಳಗೇ ಇತ್ತು.

ಏಳುನೂರು ಮೀಟರ್ ಕೆಳಗೆ
ಮೀಥೇನ್ ಒಮ್ಮೆ ಕಣ್ಣು ಬಿಟ್ಟಿತ್ತು, ಅಷ್ಟೆ.
ಬೆನ್ನು, ಭುಜ, ಬಲಗೈ ಹೋದವು.
ಉಳಿದದ್ದೆಲ್ಲ ಅವನದೇ, ನಾಲಿಗೆಯೂ:
"ನಮ್ಮ ಮುತ್ತಜ್ಜಂದಿರು ಇದೇ ನೆಲದಲ್ಲಿ ಬೆಳ್ಳಿ ಅಗೆದರು,
ಎಲ್ಲ ದೊರೆಗಳ ಊಟದ ಮೇಜಿಗೆ ಹೋಯಿತು.
ನನ್ನ ಪಾಲು ಈಗಲಾದರೂ ಕೊಡು, ದೊಬ್ರೋಖ್ನಾ."

ನಾನು ಕೊಡುವುದು ಚಿಟಿಕೆಗಿಂತ ಕಡಿಮೆ.
ನನ್ನ ಸೀಸೆಯಲ್ಲಿ ಬೆಳ್ಳಿ ಬೆಳ್ಳಗಿಲ್ಲ.
ಚೂರಿನ ಚೂರು, ಆ ಚೂರಿನ ಪುಡಿ, ಪುಡಿಯ ನೆನಪು;
ಅಷ್ಟು ಸಣ್ಣದಾದಾಗ ಬೆಳಕಿಗೆ ಅದು
ತಿಳಿ ಚಹಾದ ಹಳದಿ.
ಅದರ ಪಾಡಿಗೆ ಬಿಟ್ಟರೆ ಕಣಕ್ಕೆ ಕಣ ಅಂಟಿ
ಬೂದಿಯಂತೆ ತಳ ಸೇರುತ್ತವೆ, ಯಾವ ಕೆಲಸಕ್ಕೂ ಬಾರದೆ.
ಹೋದ ಶರತ್ಕಾಲವಿಡೀ
ಹಾಗೆ ಹನ್ನೊಂದು ಸೀಸೆ ಚೆಲ್ಲಿದೆ.

ಆಮೇಲೆ ಮೀನು ಬಂತು.
ಕ್ರಿಸ್ಮಸ್ಸಿನ ಮುನ್ನಾ ರಾತ್ರಿ ಇಲ್ಲಿ ಮನೆಮನೆಗೂ ಕಾರ್ಪ್;
ಅದರ ಹುರುಪೆಯೊಂದನ್ನು ಪರ್ಸಿನಲ್ಲಿಟ್ಟರೆ
ವರ್ಷವಿಡೀ ಕಾಸಿಗೆ ಬರವಿಲ್ಲವೆಂದು ನಂಬಿಕೆ.
ಚರ್ಮ ಯಾರಿಗೂ ಬೇಡ.
ಮೀನಂಗಡಿಯ ಎವಾಲ್ಡ್ ಬಕೆಟ್ಟುಗಟ್ಟಲೆ ಕೊಟ್ಟ.
"ಸಾರು ಮಾಡ್ತೀಯಾ?"
ಹೌದು, ಒಂಥರಾ ಸಾರೇ.
ತಣ್ಣನೆಯ ಆಮ್ಲದಲ್ಲಿ ಮೂರು ದಿನ ನೆನೆದು
ಚರ್ಮ ತನ್ನ ಕಾಲಜನ್ ಬಿಟ್ಟುಕೊಟ್ಟಿತು:
ಮೂರೆಳೆಯ ಜಡೆ, ಶಾಲೆಗೆ ಹೊರಟ ಬೆಳಗು
ಅಮ್ಮ ಹಾಕಿದಷ್ಟು ಬಿಗಿ.
ಒಂದೊಂದು ಕಣವನ್ನೂ ಅದು ಸುತ್ತಿ ಹಿಡಿಯಿತು,
ಜೊತೆಗಿರಿ, ಅಂಟಿಕೊಳ್ಳಬೇಡಿ ಎಂದು.
ಹನ್ನೆರಡನೆಯ ಸೀಸೆ ಜನವರಿಯಿಂದ ಹಾಗೇ ಹಳದಿ.

ಅತಿಯಾದರೆ ಅಮೃತವೂ ವಿಷ;
ಬೆಳ್ಳಿಯಂತೂ ಮೊದಲೇ ಅಮೃತವಲ್ಲ.
ಬ್ಯಾಕ್ಟೀರಿಯಾದ ಗೋಡೆ ಕೆಡಹುವ ಕೈಗೆ
ನಮ್ಮ ಮನೆಯ ಗೋಡೆ ಯಾವುದೆಂದು ಗೊತ್ತಿರುವುದಿಲ್ಲ.
ಅಳೆದೆ. ಮತ್ತೆ ಅಳೆದೆ.
ಗಾಜಿನ ತಟ್ಟೆಯಲ್ಲಿ ಹುಲ್ಲಿನಂತೆ ಹಬ್ಬಿದ ಹಸಿರಿನ ನಡುವೆ
ದುಂಡಗೆ ಒಂದು ಬಯಲು ಬಿತ್ತು, ಕೋಟಿನ ಗುಂಡಿಯಷ್ಟು.
ಒಬ್ಬಳೇ ನಕ್ಕೆ.
ಬೆರಳ ತುಂಬ ಕಪ್ಪು ಕಲೆ, ಬೆಳ್ಳಿ ಮುಟ್ಟಿದ ಗುರುತು,
ಯಾವ ಸೋಪಿಗೂ ಹೋಗದು.

ಆರನೆಯ ದಿನ ಪಟ್ಟಿ ಬಿಚ್ಚುವಾಗ ನನ್ನನ್ನೂ ಕರೆದರು.
ಟ್ರೌಡಾ ಮಾತಾಡಲಿಲ್ಲ. ಕಿಟಕಿ ಮುಚ್ಚಿದಳು.
ಬಾಗಿದಳು, ಮೂಗು ಗಾಯದ ತೀರ ಸಮೀಪ.
ನಾನು ಎಣಿಸುತ್ತಿದ್ದೆ; ಮೂವತ್ತರಲ್ಲಿ ಲೆಕ್ಕ ತಪ್ಪಿತು.
ಭುಜದ ಅಂಚಿನಲ್ಲಿ ಹೊಸ ಚರ್ಮ, ನಸುಗೆಂಪು, ಒದ್ದೆ.
ಬೆನ್ನಿನ ನಡುವೆ ಇನ್ನೂ ಏನೂ ಹೇಳಲಾಗದು.
"ಸ್ಪಿರಿಟ್ಟಿನ ವಾಸನೆ," ಎಂದಳು ಕೊನೆಗೆ,
"ಬೆವರಿನದ್ದು. ಒಂಚೂರು ಮೀನಿನದ್ದು."
"ಅದು ನನ್ನ ಪಾಲು," ಎಂದ ಗಿಂಟರ್, ದಿಂಬಿನೊಳಗಿಂದ.

ಆಗ ಅವಳು ಕಿಟಕಿ ತೆರೆದಳು.
ಬೀದಿಯ ಮರಗಳೆಲ್ಲ ಒಳಗೆ ಬಂದವು.